ಸಿಂಹವನ್ನು ಸೋಲಿಸಿದ ಸಿಂಬಳದ ಹುಳ

ಕಳೆದ ವರ್ಷ ಆಷಾಢದ ಜಡಿಮಳೆಯಲ್ಲಿ ಚಿಕ್ಕಮ್ಮನ ಮೊಮ್ಮಗ ಕ್ಯಾಲಿಫೋರ್ನಿಯಾದಿಂದ ಸಾಗರಕ್ಕೆ ಬಂದಿದ್ದ. ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ಮುರಿಯುತ್ತಿದ್ದವನ ಎದೆಯ ಮೇಲೆ ಚಿಕ್ಕಮ್ಮನ ಕಣ್ಣು ನಿಂತಿತು. ನೀಲಿ ಟೀ ಶರ್ಟು. ನಡುವೆ ಅರಿಶಿನ ಬಳಿದಂಥ ಒಂದು ಹುಳ, ಅದಕ್ಕೊಂದು ಕನ್ನಡಕ, ಕೈಯಿಲ್ಲದ ಆ ಹುಳದ ಮುಂದೆ ಒಂದು ಬಿಚ್ಚಿದ ಪುಸ್ತಕ.

“ಎಂತದೋ ಅದು ಅಂಗಿ ಮೇಲೆ? ಸಿಂಬಳದ ಹುಳ ಅಲ್ವಾ?”

“ಹೌದು ಅಜ್ಜಿ. ನಮ್ಮ ಯೂನಿವರ್ಸಿಟಿದು.”

“ಅಷ್ಟೊಂದು ಫೀಸು ತಗೊಳ್ತಾರೆ. ಒಂದು ಹುಲಿನೋ ಸಿಂಹನೋ ಸಿಗ್ಲಿಲ್ವಾ ಅವರಿಗೆ?”

“ಸಿಂಹ ಸಿಕ್ಕಿತ್ತು ಅಜ್ಜಿ. ಸ್ಟೂಡೆಂಟ್ಸೇ ಬೇಡ ಅಂದ್ರು.”

ಚಿಕ್ಕಮ್ಮ ಮಾತು ಬೆಳೆಸಲಿಲ್ಲ. ಆ ವಾರವೆಲ್ಲ ಅವಳು ಬೆಳಿಗ್ಗೆ ಎದ್ದ ಕೂಡಲೇ ಕರಟದಲ್ಲಿ ಉಪ್ಪು ಹಿಡಿದು ಬಸಳೆ ಚಪ್ಪರದ ಬುಡಕ್ಕೆ ಹೋಗುತ್ತಿದ್ದಳು. ಬಚ್ಚಲ ಗೋಡೆಯ ಮೇಲೆ ರಾತ್ರಿ ಯಾರೋ ಬೆಳ್ಳಿಯ ದಾರ ಎಳೆದು ಹೋದಂತೆ ಹೊಳೆಯುವ ಗೆರೆಗಳು, ಆ ಗೆರೆಯ ತುದಿಯಲ್ಲಿ ಮುದುಡಿ ಕೂತ ಬೂದು ಜೀವ. ಅದರ ಮೇಲೆ ಒಂದು ಚಿಟಿಕೆ ಉಪ್ಪು ಬಿದ್ದರೆ ಏನಾಗುತ್ತದೆ ಎಂದು ಮಲೆನಾಡಿನ ಮಕ್ಕಳಿಗೆ ಹೇಳಬೇಕಾಗಿಲ್ಲ. ಅಂಥದ್ದನ್ನು ಎದೆಯ ಮೇಲೆ ಹೊತ್ತು ತಿರುಗುವ ವಿಶ್ವವಿದ್ಯಾಲಯವೊಂದು ಇದೆಯೆಂದರೆ ಅವಳು ನಂಬುವುದಾದರೂ ಹೇಗೆ?

ಆದರೆ ಹುಡುಗ ಹೇಳಿದ್ದು ನಿಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್ಸಿನ ಅಧಿಕೃತ ಪ್ರಾಣಿ ಒಂದು ಕಾಲಕ್ಕೆ ಕಡಲಸಿಂಹವಾಗಿತ್ತು. ಅದನ್ನು ಕೆಳಗಿಳಿಸಿ ಆ ಜಾಗದಲ್ಲಿ ಹುಳವನ್ನು ಕೂರಿಸಲು ವಿದ್ಯಾರ್ಥಿಗಳಿಗೆ ಸುಮಾರು ಆರು ವರ್ಷ ಹಿಡಿಯಿತು. ಎದುರಿಗಿದ್ದವರು ಸಾಮಾನ್ಯರಲ್ಲ, ಅಮೆರಿಕದ ಹೆಸರಾಂತ ಜೀವವಿಜ್ಞಾನಿಗಳಲ್ಲಿ ಒಬ್ಬರು.

ಮೊದಲು ಹುಳದ ಪರಿಚಯ. ನಮ್ಮಲ್ಲಿ ಚಿಪ್ಪು ಹೊತ್ತದ್ದಕ್ಕೆ ಬಸವನಹುಳು ಎನ್ನುತ್ತೇವೆ. ತಲೆಯಿಂದ ಕೊಂಬಿನಂತೆ ಹೊರಚಾಚುವ ಆ ಮೃದು ಕಡ್ಡಿಗಳನ್ನು ನೋಡಿಯೇ ಹಿರಿಯರು ಬಸವನ ಹೆಸರಿಟ್ಟಿರಬೇಕು. ಬೆರಳುದ್ದದ ಜೀವಕ್ಕೆ ಶಿವನ ವಾಹನದ ಹೆಸರು! ಅದೇ ಜೀವಕ್ಕೆ ಚಿಪ್ಪಿಲ್ಲದಿದ್ದರೆ ಮಾತ್ರ ಬಸವನ ಪದವಿಯಿಂದ ನೇರ ಸಿಂಬಳಕ್ಕೆ ಇಳಿಸಿಬಿಟ್ಟೆವು. ಮನೆಯಿಲ್ಲದವನಿಗೆ ಊರಿನಲ್ಲಿ ಮರ್ಯಾದೆ ಕಡಿಮೆ ಎಂಬ ಹಾಗೆ. ಇಂಗ್ಲಿಷಿನವರು ಈ ಚಿಪ್ಪಿಲ್ಲದ್ದನ್ನು ಸ್ಲಗ್ ಎನ್ನುತ್ತಾರೆ. ಸಾಂತಾ ಕ್ರೂಜ್‌ನ ಕಾಡಿನಲ್ಲಿರುವುದು ಬನಾನಾ ಸ್ಲಗ್. ಬಾಳೆಗೆ ಬೀಳುವ ಕೀಟವಲ್ಲ, ನೋಡಲು ಮಾಗಿದ ಬಾಳೆಹಣ್ಣಿನಂತೆ ಇದೆ ಎಂದು ಆ ಹೆಸರು. ಬೇರೆ ಕಡೆಯ ಬನಾನಾ ಸ್ಲಗ್‌ಗಳ ಮೈಮೇಲೆ ಕಳಿತ ಹಣ್ಣಿನ ಹಾಗೆ ಕಪ್ಪು ಮಚ್ಚೆಗಳೂ ಇರುತ್ತವೆ. ಸಾಂತಾ ಕ್ರೂಜ್‌ನದು ಹೆಚ್ಚಾಗಿ ಅಚ್ಚ ಹಳದಿ.

ಈ ಕುಲದ ಸ್ಲಗ್‌ಗಳು 25 ಸೆಂಟಿಮೀಟರಿನವರೆಗೆ ಬೆಳೆಯಬಲ್ಲವು. ನೆಲದ ಮೇಲೆ ಬದುಕುವ ಸ್ಲಗ್‌ಗಳಲ್ಲಿ ಇವುಗಳಿಗಿಂತ ದೊಡ್ಡದು ಯುರೋಪಿನ ಒಂದು ಜಾತಿ ಮಾತ್ರ. ತಲೆಯಲ್ಲಿ ಎರಡು ಜೊತೆ ಕೊಂಬು. ಮೇಲಿನ ಜೊತೆ ಬೆಳಕನ್ನು ಗುರುತಿಸುತ್ತದೆ, ಕೆಳಗಿನದು ವಾಸನೆಯನ್ನು. ಮೈಯ ಬಲಗಡೆ ಒಂದು ತೂತು, ಅದು ತೆರೆದು ಮುಚ್ಚುವುದನ್ನು ಹತ್ತಿರ ಕೂತು ನೋಡಬಹುದು, ಉಸಿರಾಡುವುದು ಅಲ್ಲಿಂದ. ಬಾಯಲ್ಲಿ ಸಾವಿರಾರು ಸೂಕ್ಷ್ಮ ಹಲ್ಲುಗಳಿರುವ ಅರದಂಥ ನಾಲಿಗೆ. ಅದರಿಂದ ಅಣಬೆ, ಕೊಳೆತ ಎಲೆ, ಪ್ರಾಣಿಗಳ ಹಿಕ್ಕೆ ಎಲ್ಲವನ್ನೂ ಉಜ್ಜಿ ತಿಂದು ಮಣ್ಣಿಗೆ ಗೊಬ್ಬರ ಮಾಡಿ ಕೊಡುತ್ತದೆ. ಇನ್ನು ಆ ಲೋಳೆ. ಅದು ಮೈಯಿಂದ ಹೊರಬರುವುದು ಒಣ ಕಾಳುಗಳ ರೂಪದಲ್ಲಿ. ಬಂದ ಮೇಲೆ ಸುತ್ತಲಿನ ನೀರು ಹೀರಿ ಉಬ್ಬುತ್ತದೆ. ಹಾಗಾಗಿ ಕೈಗೆ ಅಂಟಿದ ಲೋಳೆಯನ್ನು ನೀರಿನಲ್ಲಿ ತೊಳೆಯಲು ಹೋದರೆ ಇನ್ನಷ್ಟು ಜಾರುತ್ತದೆ. ಒಣಗೈಯಲ್ಲಿ ಉಜ್ಜಿ ಉಜ್ಜಿ ಉಂಡೆ ಮಾಡಿ ತೆಗೆಯಬೇಕು. ನಾಲಿಗೆಗೆ ತಾಗಿದರೆ ಮರಗಟ್ಟುತ್ತದೆ. ಹಾಗಿದ್ದೂ ಪಂತ ಕಟ್ಟಿ ಸ್ಲಗ್‌ಗೆ ಮುತ್ತಿಡುವವರು ಅಲ್ಲಿ ಇದ್ದಾರೆ. ಕಾಲೇಜು ವಯಸ್ಸು, ಏನು ಹೇಳುವುದು! ಒಂದೇ ಮೈಯಲ್ಲಿ ಗಂಡೂ ಹೆಣ್ಣೂ ಇರುವ ಈ ಜೀವಿಯ ಕೂಡಾಟದ ವಿವರಗಳು ಭಾನುವಾರದ ಪುರವಣಿಗೆ ಒಗ್ಗುವುದಿಲ್ಲ, ಅದನ್ನು ಬಿಟ್ಟುಬಿಡುತ್ತೇನೆ.

ವೇಗ? ಭರದಲ್ಲಿದ್ದರೆ ನಿಮಿಷಕ್ಕೆ ಸುಮಾರು 16 ಸೆಂಟಿಮೀಟರ್. ಬಾಸ್ಕೆಟ್‌ಬಾಲ್ ಅಂಕಣದ ಉದ್ದ 94 ಅಡಿ. ಲೆಕ್ಕ ಹಾಕಿದೆ: ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಲು ಇದಕ್ಕೆ ಹತ್ತಿರ ಹತ್ತಿರ ಮೂರು ತಾಸು ಬೇಕು. ಕಾಲೇಜು ಪಂದ್ಯದ ಆಟದ ಅವಧಿ 40 ನಿಮಿಷ.

ಇಂಥದ್ದು ಆಟದ ತಂಡಕ್ಕೆ ಹೆಸರಾದದ್ದು ಹೇಗೆ ಎಂದು ತಿಳಿಯಲು ಆ ಕ್ಯಾಂಪಸ್ಸನ್ನು ಸ್ವಲ್ಪ ತಿಳಿಯಬೇಕು. ಸಾಂತಾ ಕ್ರೂಜ್ ಇರುವುದು ಪೆಸಿಫಿಕ್ ದಂಡೆಯಲ್ಲಿ. ಸ್ಯಾನ್ ಹೊಸೆಯಿಂದ ಬೆಟ್ಟ ಹತ್ತಿ ಇಳಿದರೆ 50 ಕಿಲೋಮೀಟರ್ ದೂರ. ಸಿಲಿಕಾನ್ ವ್ಯಾಲಿಯ ನಮ್ಮವರಿಗೆ ವಾರದ ಕೊನೆಗೆ ಕಡಲು ನೋಡಲು ಹೋಗುವ ಊರು. ಊರಿನ ಮೇಲಿನ ಗುಡ್ಡದಲ್ಲಿ ಕೋವೆಲ್ ಮನೆತನದ ಜಮೀನಿತ್ತು. ಸುಣ್ಣದ ಕಲ್ಲು ಒಡೆದು, ಅಲ್ಲಿನದೇ ರೆಡ್‌ವುಡ್ ಮರ ಕಡಿದು ಗೂಡುಗಳಲ್ಲಿ ಸುಟ್ಟು ಸುಣ್ಣ ಮಾಡಿದ ಜಾಗ. ಕಡಿದ ಮೇಲೆ ಬುಡದಿಂದ ಮತ್ತೆ ಚಿಗುರಿ ಎದ್ದ ಕಾಡು ಈಗಿನದು. ಆ ಸುಮಾರು 2000 ಎಕರೆಯಲ್ಲಿ 1965ರಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. ಮೊದಲ ವರ್ಷ ಬಂದವರು 652 ವಿದ್ಯಾರ್ಥಿಗಳು. ಹಾಸ್ಟೆಲ್ ಕಟ್ಟಡ ಮುಗಿದಿರಲಿಲ್ಲ, ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಟ್ರೇಲರುಗಳಲ್ಲಿ ವಾಸ.

ವ್ಯವಸ್ಥೆಯೂ ಬೇರೆ ತೆರ. ಆಕ್ಸ್‌ಫರ್ಡ್ ಮಾದರಿಯ ಚಿಕ್ಕ ಚಿಕ್ಕ ವಸತಿ ಕಾಲೇಜುಗಳು. ಪರೀಕ್ಷೆಗೆ ಅಂಕ, ಗ್ರೇಡು ಆಗ ಇರಲಿಲ್ಲ. ಪ್ರತಿ ವಿದ್ಯಾರ್ಥಿಯ ಬಗ್ಗೆ ಅಧ್ಯಾಪಕರು ಒಂದು ಪ್ಯಾರಾ ಬರೆದು ಕೊಡಬೇಕಿತ್ತು. ಆಟವೂ ಹಾಗೆಯೇ. ಆಯ್ದ ಹತ್ತು ಜನ ಆಡಿ ಹತ್ತು ಸಾವಿರ ಜನ ನೋಡುವುದಲ್ಲ, ಬಂದವರೆಲ್ಲ ಆಡಬೇಕು, ಗೆಲುವಿಗಿಂತ ಆಡುವ ಖುಷಿ ದೊಡ್ಡದು ಎಂಬುದು ಅಲ್ಲಿನ ಧೋರಣೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಫುಟ್‌ಬಾಲ್ ಎಂದರೆ ಎಂಥ ಜಾತ್ರೆ ಎಂದು ಗೊತ್ತಿದ್ದವರಿಗೆ ಇದು ಎಷ್ಟು ವಿಚಿತ್ರ ಎಂದು ಅರ್ಥವಾಗುತ್ತದೆ. ಹುಡುಗರೂ ಹುಡುಗಿಯರೂ ಕೂಡಿ ಆಡುತ್ತಿದ್ದ ಆ ತಂಡಗಳು ತಮ್ಮನ್ನು ತಾವು ಸ್ಲಗ್ ಎಂದು ಕರೆದುಕೊಂಡವು. ಮಂಜು ಮುಸುಕಿದ ಬೆಳಿಗ್ಗೆ ತರಗತಿಗೆ ಹೋಗುವ ಕಾಲುದಾರಿಯಲ್ಲಿ ಅಡ್ಡ ಬರುತ್ತಿದ್ದದ್ದು ಅದೇ. ಯಾರೂ ಸಭೆ ಸೇರಿ ಠರಾವು ಮಾಡಲಿಲ್ಲ.

ಈ ಠರಾವು ಇಲ್ಲದ್ದೇ ಕತೆಯ ಮುಖ್ಯ ಅಂಶ ಎಂದು ನನಗೆ ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಮಗುವಿಗೆ ಎರಡು ಹೆಸರು: ಜಾತಕದ್ದೊಂದು, ಕರೆಯುವುದೊಂದು. ಜಾತಕದ ಹೆಸರನ್ನು ಪುರೋಹಿತರು ನಕ್ಷತ್ರ ನೋಡಿ ಇಡುತ್ತಾರೆ, ಅದು ಶಾಲೆಯ ರಿಜಿಸ್ಟರಿನಲ್ಲಿ, ಆಧಾರ್ ಕಾರ್ಡಿನಲ್ಲಿ ಉಳಿಯುತ್ತದೆ. ಕರೆಯುವ ಹೆಸರನ್ನು ಯಾರು ಇಟ್ಟರು, ಯಾವಾಗ ಇಟ್ಟರು ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಮುತ್ತುರಾಜ ಎಂದು ಹುಟ್ಟಿದವರಿಗೆ ಚಿತ್ರರಂಗ ರಾಜ್‌ಕುಮಾರ್ ಎಂದು ಹೆಸರಿಟ್ಟಿತು. ಜನ ಅಣ್ಣಾವ್ರು ಎಂದರು. ಅವರ ಕಿರಿಯ ಮಗನಿಗೆ ಮೊದಲು ಲೋಹಿತ್, ಆಮೇಲೆ ಪುನೀತ್. ಕರ್ನಾಟಕದ ಬಾಯಲ್ಲಿ ಉಳಿದದ್ದು ಅಪ್ಪು. ಅಡ್ಡಹೆಸರು ಇಡುವುದು ಊರು. ಪಂಚಾಯಿತಿ ಇಟ್ಟರೆ ಅದು ನಿಲ್ಲುವುದಿಲ್ಲ.

ವಿಶ್ವವಿದ್ಯಾಲಯಗಳಿಗೂ ಈ ಎರಡು ಬಗೆಯ ಗುರುತುಗಳಿವೆ. ನಮ್ಮಲ್ಲಿರುವುದು ಹೆಚ್ಚಾಗಿ ಜಾತಕದ ಬಗೆ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಲಾಂಛನದಲ್ಲಿ ಮೈಸೂರು ಅರಸರ ಗಂಡಭೇರುಂಡವಿದೆ. ಆನೆಯನ್ನೇ ಕೊಕ್ಕಿನಲ್ಲಿ ಎತ್ತುವ ಎರಡು ತಲೆಯ ಹಕ್ಕಿ; ಪದವಿ ಪತ್ರದ ಮೇಲೆ ಅದರ ಗತ್ತೇ ಬೇರೆ. ಆದರೆ ಅಂತರ ಕಾಲೇಜು ಕಬಡ್ಡಿಯಲ್ಲಿ ರೈಡಿಗೆ ಹೋದವನನ್ನು “ಬಾರೋ ಗಂಡಭೇರುಂಡ” ಎಂದು ಯಾರೂ ಹುರಿದುಂಬಿಸಿದ್ದನ್ನು ನಾನು ಕೇಳಿಲ್ಲ. ಆರ್‌ಸಿಬಿ ಲಾಂಛನದಲ್ಲಿ ಕಿರೀಟ ಹೊತ್ತ ಸಿಂಹವಿದೆ. ಚಿನ್ನಸ್ವಾಮಿ ಕ್ರೀಡಾಂಗಣ ಕೂಗುವುದು ಸಿಂಹವನ್ನಲ್ಲ, “ಈ ಸಲ ಕಪ್ ನಮ್ದೇ” ಎಂದು. ಅದನ್ನೂ ಯಾವ ಸಮಿತಿಯೂ ಬರೆದುಕೊಟ್ಟದ್ದಲ್ಲ.

ಅಮೆರಿಕದಲ್ಲಿ ಬೆಳೆದದ್ದು ಇನ್ನೊಂದು ಬಗೆ, ಮ್ಯಾಸ್ಕಾಟ್. ಪದದ ಮೂಲ ಫ್ರಾನ್ಸಿನ ಪ್ರೊವೆನ್ಸ್ ಸೀಮೆಯ ಮಾತಿನಲ್ಲಿದೆ. ಅಲ್ಲಿ ಮಾಸ್ಕೋ ಎಂದರೆ ಮಾಟಗಾತಿ. 1880ರಲ್ಲಿ ಎಡ್ಮಂಡ್ ಒಡ್ರಾನ್ ‘ಲಾ ಮಾಸ್ಕಾಟ್’ ಎಂಬ ಗೀತನಾಟಕ ಮಾಡಿದ. ಟರ್ಕಿ ಕೋಳಿ ಮೇಯಿಸುವ ಹುಡುಗಿಯೊಬ್ಬಳು ಯಾರ ಮನೆಯಲ್ಲಿದ್ದರೆ ಆ ಮನೆಗೆ ಅದೃಷ್ಟ ಎಂಬುದು ಅದರ ಕತೆ. ನಮ್ಮ ಭಾಷೆಯಲ್ಲಿ ಕಾಲ್ಗುಣ. ನಾಟಕ ಇಂಗ್ಲಿಷಿಗೆ ಬಂತು, ಪದವೂ ಬಂತು. ಅಲ್ಲಿಂದ ಒಂದು ದಶಕದೊಳಗೆ, 1889ರಲ್ಲಿ, ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಕಮ್ಮಾರನೊಬ್ಬನಿಂದ ಐದು ಡಾಲರಿಗೆ ಒಂದು ಬುಲ್‌ಡಾಗ್ ನಾಯಿ ಕೊಂಡು ಆಟದ ಮೈದಾನಕ್ಕೆ ಕರೆತಂದ. ಹ್ಯಾಂಡ್ಸಮ್ ಡ್ಯಾನ್ ಎಂದು ಅದರ ಹೆಸರು. ಕಾಲೇಜು ಆಟಕ್ಕೆ ಜೀವಂತ ಪ್ರಾಣಿಯನ್ನು ತಂದು ನಿಲ್ಲಿಸುವ ರೂಢಿ ಬೆಳೆದದ್ದು ಆ ನಾಯಿಯ ಹಿಂದೆ. ಮುಂದೆ ಹುಲಿ, ಕರಡಿ, ಗಿಡುಗ, ಗೂಳಿ, ಒಂದಕ್ಕಿಂತ ಒಂದು ಭಯಂಕರ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿಗೆ ಕರಡಿ, ಲಾಸ್ ಏಂಜಲಿಸ್ ಕ್ಯಾಂಪಸ್ಸಿಗೂ ಕರಡಿ. ರಾಜ್ಯದ ಬಾವುಟದ ಮೇಲೆ ಇರುವುದೂ ಗ್ರಿಜ್ಲಿ ಕರಡಿಯೇ. 1953ರಲ್ಲಿ ಅದನ್ನು ರಾಜ್ಯದ ಅಧಿಕೃತ ಪ್ರಾಣಿ ಎಂದು ಘೋಷಿಸಿದಾಗ ಕ್ಯಾಲಿಫೋರ್ನಿಯಾದಲ್ಲಿ ಒಂದು ಗ್ರಿಜ್ಲಿಯೂ ಉಳಿದಿರಲಿಲ್ಲ. 1920ರ ದಶಕದಲ್ಲೇ ಬೇಟೆಯಾಡಿ ಮುಗಿಸಿದ್ದರು. ಕೊಂದಾದ ಮೇಲೆ ಪೂಜೆ. ಸ್ಲಗ್ ಅದರ ಪಕ್ಕದಲ್ಲಿ ಕನಿಷ್ಠ ಬದುಕಿದೆ, ಕಾಲ ಬುಡದಲ್ಲೇ ಇದೆ.

1980ಕ್ಕೆ ಬರೋಣ. ಸಾಂತಾ ಕ್ರೂಜ್‌ನ ಐದು ತಂಡಗಳಿಗೆ ಹೊರಗಿನ ಕಾಲೇಜುಗಳ ಜೊತೆ ಕ್ರಮಬದ್ಧವಾಗಿ ಆಡುವ ಮನಸ್ಸಾಯಿತು. ಅದಕ್ಕಾಗಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್‌ಸಿಎಎಯ ಮೂರನೇ ವಿಭಾಗಕ್ಕೆ ಸೇರಿದರು. ಆಟದ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡದ ಕಾಲೇಜುಗಳ ವಿಭಾಗ ಅದು. ಸೇರುವಾಗ ತಂಡದ ಅಧಿಕೃತ ಹೆಸರನ್ನು ಕೊಡಬೇಕಿತ್ತು. ಕರೆಯುವ ಹೆಸರಿನಲ್ಲೇ ಹದಿನೈದು ವರ್ಷ ಬೆಳೆದ ಮಗುವನ್ನು ಶಾಲೆಗೆ ಸೇರಿಸಲು ಹೋದಾಗ ಮೇಷ್ಟ್ರು “ಪೂರ್ತಿ ಹೆಸರು ಹೇಳಿ” ಎಂದ ಹಾಗಾಯಿತು.

ಆಗ ಕ್ಯಾಂಪಸ್ಸಿನ ಛಾನ್ಸಲರ್ ಆಗಿದ್ದವರು ರಾಬರ್ಟ್ ಸಿನ್‌ಶೈಮರ್. ಅಲ್ಲಿನ ಛಾನ್ಸಲರ್ ಎಂದರೆ ನಮ್ಮ ಕುಲಪತಿಗಳಿದ್ದಂತೆ. ಬ್ಯಾಕ್ಟೀರಿಯಾಗಳಿಗೆ ತಗಲುವ ಫೈ ಎಕ್ಸ್ 174 ಎಂಬ ಪುಟಾಣಿ ವೈರಸ್ಸಿನ ಡಿಎನ್‌ಎ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಅದು ಒಂಟಿ ಎಳೆಯದು, ಬಳೆಯಂತೆ ಸುತ್ತಿಕೊಂಡದ್ದು ಎಂದು ತೋರಿಸಿದವರು. 1967ರಲ್ಲಿ ಆರ್ಥರ್ ಕಾರ್ನ್‌ಬರ್ಗ್ ಜೊತೆ ಸೇರಿ ಅದೇ ವೈರಸ್ಸಿನ ಡಿಎನ್‌ಎಯನ್ನು ಪ್ರನಾಳದಲ್ಲಿ ನಕಲು ಮಾಡಿ, ಆ ನಕಲು ಸಹ ಸೋಂಕು ಹರಡಬಲ್ಲದು ಎಂದು ಸಾಬೀತು ಮಾಡಿದ ತಂಡದಲ್ಲಿದ್ದರು. ಕ್ಯಾಲ್‌ಟೆಕ್‌ನಿಂದ 1977ರಲ್ಲಿ ಈ ಗುಡ್ಡಕ್ಕೆ ಬಂದಾಗ ಅವರಿಗೆ ಸಿಕ್ಕಿದ್ದು ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿದ್ದ, ಹಿಪ್ಪಿಗಳ ಕಾಲೇಜು ಎಂದು ಹೊರಗಿನವರು ಮೂಗು ಮುರಿಯುತ್ತಿದ್ದ ಕ್ಯಾಂಪಸ್ಸು. 1979ರಲ್ಲಿ ಅವರು ಕಾಲೇಜುಗಳ ವ್ಯವಸ್ಥೆಯನ್ನೇ ಕಲಕಿ ಮರುಜೋಡಿಸಿದರು. ಜನ ಈ ಸಂಸ್ಥೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ಅವರ ಹಟ. ಅಂಥ ಹೊತ್ತಿನಲ್ಲಿ ಮಗಳ ಮದುವೆಯ ಕರೆಯೋಲೆಯ ಮೇಲೆ ಸಿಂಬಳದ ಹುಳದ ಚಿತ್ರ ಹಾಕಿಸಿ ಎಂದರೆ ಯಾವ ತಂದೆ ಒಪ್ಪುತ್ತಾನೆ? ಅವರನ್ನು ಖಳನನ್ನಾಗಿ ಮಾಡಿ ಈ ಕತೆ ಹೇಳುವವರೇ ಹೆಚ್ಚು. ನನಗೆ ಹಾಗೆ ಅನ್ನಿಸಿಲ್ಲ.

ಕೆಲವು ಆಟಗಾರರನ್ನು ಕೇಳಿ ಅವರು ಕಡಲಸಿಂಹವನ್ನು ಆರಿಸಿದರು. ತಾರ್ಕಿಕವಾಗಿ ತಪ್ಪೇನಿಲ್ಲ. ಕಡಲು ಅಲ್ಲೇ ಇದೆ, ಕಡಲಸಿಂಹಗಳೂ ದಂಡಿಯಾಗಿವೆ, ಬಲಿಷ್ಠ ಪ್ರಾಣಿ, ಬೆನ್ನುಮೂಳೆಯೂ ಇದೆ, ಹೆಸರಿನಲ್ಲಿ ಸಿಂಹವೂ ಇದೆ. ಬಾಸ್ಕೆಟ್‌ಬಾಲ್ ಅಂಕಣದ ನಟ್ಟನಡುವೆ ಕಡಲಸಿಂಹದ ಚಿತ್ರ ಬರೆಸಿದರು. ಆದರೆ ಪಂದ್ಯ ಶುರುವಾದರೆ ಆ ಚಿತ್ರದ ಸುತ್ತ ಕೂತವರು ಕೂಗುತ್ತಿದ್ದದ್ದು “ಗೋ ಸ್ಲಗ್ಸ್!” ನೆಲದ ಮೇಲೆ ಒಂದು ಪ್ರಾಣಿ, ಬಾಯಲ್ಲಿ ಇನ್ನೊಂದು.

ಹೀಗೆ ವರ್ಷಗಳು ಕಳೆದವು. 1986ರಲ್ಲಿ ವಿದ್ಯಾರ್ಥಿಗಳು ಮತದಾನವನ್ನೇ ಮಾಡಿದರು. ಸ್ಲಗ್ ಭಾರಿ ಬಹುಮತದಿಂದ ಗೆದ್ದಿತು. ಕುಲಪತಿ ಒಪ್ಪಲಿಲ್ಲ. ಆಡುವವರು ಬೇರೆ, ಕೂಗುವವರು ಬೇರೆ. ತಂಡದ ಹೆಸರನ್ನು ನಿರ್ಧರಿಸಬೇಕಾದವರು ಆಟಗಾರರು ಮಾತ್ರ ಎಂಬುದು ಅವರ ವಾದ. ಮೇಲ್ನೋಟಕ್ಕೆ ನ್ಯಾಯವಾಗಿಯೇ ಕಾಣುವ ಮಾತು. ಬೆವರು ಸುರಿಸುವವನು ನಾನು, ನನ್ನ ಬೆನ್ನ ಮೇಲೆ ಹುಳ ಅಂಟಿಸಲು ನೀನ್ಯಾರು ಎಂದು ಆಟಗಾರ ಕೇಳಬಹುದಲ್ಲ? ಆದರೆ ಆಟಗಾರ ಹಾಗೆ ಕೇಳಲಿಲ್ಲ. ಆಟಗಾರರ ಅಭಿಪ್ರಾಯ ಸಂಗ್ರಹಿಸಿದಾಗ ಅವರಿಗೂ ಸ್ಲಗ್ಗೇ ಬೇಕಿತ್ತು.

ಈ ಜಗಳದ ಸುದ್ದಿ ಅಷ್ಟರಲ್ಲಿ ದೇಶದ ಪತ್ರಿಕೆ, ಟೀವಿಗಳಿಗೆ ಹೋಗಿತ್ತು. ಸಿನ್‌ಶೈಮರ್ ಸೋಲೊಪ್ಪಿದರು. ಒಪ್ಪುವಾಗ ಮಾತ್ರ ವಿಜ್ಞಾನಿಯ ಕುಚೋದ್ಯ ಬಿಡಲಿಲ್ಲ: ಹುಳದ ತಳಿ ಸುಧಾರಣೆಗೆ ತಳಿವಿಜ್ಞಾನದ ಸಂಶೋಧನೆ ಕೈಗೊಳ್ಳೋಣ ಎಂದರು. ಅವರು ನಗಿಸಲು ಆಡಿದ ಆ ಮಾತಿಗೆ ಮುಂದೆ ಒಂದು ಬಾಲ ಬೆಳೆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಇಷ್ಟು ಹಟವೇಕೆ ಎಂದು ಕೇಳಬಹುದು. ಬೆಟ್ಟದ ಆಚೆಗಿರುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕತೆ ಪಕ್ಕದಲ್ಲಿಟ್ಟು ನೋಡಿದರೆ ಸ್ವಲ್ಪ ತಿಳಿಯುತ್ತದೆ. ಅಲ್ಲಿನ ತಂಡಗಳಿಗೆ ‘ಇಂಡಿಯನ್ಸ್’ ಎಂಬ ಹೆಸರಿತ್ತು. ಮೂಲನಿವಾಸಿ ವಿದ್ಯಾರ್ಥಿಗಳು ನಾವು ನಿಮ್ಮ ಆಟದ ಗೊಂಬೆಗಳಲ್ಲ ಎಂದು ಪ್ರತಿಭಟಿಸಿದ ಮೇಲೆ 1972ರಲ್ಲಿ ಅದನ್ನು ಕೈಬಿಟ್ಟರು. ಬದಲಿಗೆ ಏನು? ವಿದ್ಯಾರ್ಥಿಗಳ ಮತದಲ್ಲಿ ಗೆದ್ದ ಹೆಸರು ‘ರಾಬರ್ ಬ್ಯಾರನ್ಸ್’, ಅಂದರೆ ದರೋಡೆಕೋರ ಸಾಹುಕಾರರು. ವಿಶ್ವವಿದ್ಯಾಲಯ ಸ್ಥಾಪಿಸಿದ ಲೆಲೆಂಡ್ ಸ್ಟ್ಯಾನ್‌ಫರ್ಡ್ ರೈಲ್ವೆಯಿಂದ ದುಡ್ಡು ಮಾಡಿದ ಕುಳ, ಚುಚ್ಚಿದ್ದು ಅವನನ್ನೇ. ಆಡಳಿತ ಆ ಮತವನ್ನು ಒಪ್ಪಲೇ ಇಲ್ಲ. ಇವತ್ತಿಗೂ ಅವರ ತಂಡದ ಹೆಸರು ‘ಕಾರ್ಡಿನಲ್’, ಅದು ಬರೀ ಒಂದು ಕೆಂಪು ಬಣ್ಣ. ವಾದ್ಯತಂಡದವನೊಬ್ಬ ಮರದ ವೇಷ ಹಾಕಿ ಕುಣಿಯುತ್ತಾನೆ. ಸ್ಟ್ಯಾನ್‌ಫರ್ಡಿನ ಹುಡುಗರು ಸೋತು ಸಾಂತಾ ಕ್ರೂಜ್‌ನವರು ಗೆಲ್ಲಲು ಏನು ಕಾರಣ? ನನ್ನ ಊಹೆ ಇಷ್ಟೇ: ‘ದರೋಡೆಕೋರರು’ ಎಂಬುದು ಮತಪತ್ರದಲ್ಲಿ ಹುಟ್ಟಿದ ಬೈಗುಳ, ಅದಕ್ಕೆ ಮೊದಲು ಯಾರೂ ಯಾರನ್ನೂ ಹಾಗೆ ಕರೆದು ಹುರಿದುಂಬಿಸಿರಲಿಲ್ಲ. ಸ್ಲಗ್ ಮತಪತ್ರಕ್ಕೆ ಬರುವಾಗಲೇ ಕರೆಯುವ ಹೆಸರಾಗಿ ಹಳತಾಗಿತ್ತು. ಮತದಾನ ಹೆಸರು ಇಡಲಿಲ್ಲ, ಇದ್ದದ್ದನ್ನು ಬರೆದುಕೊಂಡಿತು.

ಸಾಂತಾ ಕ್ರೂಜ್ ಶುರುವಾದ ವರ್ಷವೇ ಶುರುವಾದ ಇನ್ನೊಂದು ಕ್ಯಾಂಪಸ್ಸು ಅರ್ವೈನ್. ಅಲ್ಲಿನವರು ತಡ ಮಾಡಲಿಲ್ಲ. 1965ರ ನವೆಂಬರಿನಲ್ಲೇ ಚುನಾವಣೆ ನಡೆಸಿ ಇರುವೆಬಾಕನನ್ನು ಆರಿಸಿದರು. ದಕ್ಷಿಣ ಅಮೆರಿಕದ, ಉದ್ದ ಮೂತಿಯ, ಹಲ್ಲಿಲ್ಲದ ಪ್ರಾಣಿ. ಜಾನಿ ಹಾರ್ಟ್ ಬರೆಯುತ್ತಿದ್ದ ‘ಬಿ.ಸಿ.’ ಎಂಬ ಕಾಮಿಕ್ಸಿನ ಇರುವೆಬಾಕ ನಾಲಿಗೆ ಚಾಚಿದಾಗ “ಝಾಟ್” ಎಂದು ಸದ್ದಾಗುತ್ತಿತ್ತು. ವಾಟರ್ ಪೋಲೊ ಆಡುವ ಹುಡುಗರಿಗೆ ಆ ಸದ್ದು ಹಿಡಿಸಿತು. ಇರುವೆಬಾಕನಿಗೆ ಶೇ 56ರಷ್ಟು ಮತ ಬಿತ್ತು. ಎರಡನೇ ಸ್ಥಾನ ‘ಇವುಗಳಲ್ಲಿ ಯಾವುದೂ ಬೇಡ’ ಎಂಬುದಕ್ಕೆ. ನಮ್ಮ ನೋಟಾ ಕಣ್ಣು ಬಿಡುವುದಕ್ಕೆ ಎಷ್ಟೋ ಮೊದಲು! ಗೂಳಿ, ಹದ್ದುಗಳ ಸಾಲಿನಿಂದ ಹೊರಗೆ ಹೆಜ್ಜೆ ಇಡುವುದು ಆ ತಲೆಮಾರಿನ ಹೊಸ ಕ್ಯಾಂಪಸ್ಸುಗಳಿಗೆ ಸಹಜವಾಗಿತ್ತು ಎಂದು ಕಾಣುತ್ತದೆ. ಸಾಂತಾ ಕ್ರೂಜ್‌ನಲ್ಲಿ ಮಾತ್ರ ಅದು ಹೋರಾಟವಾಯಿತು.

ಹೋರಾಟದಿಂದ ಬಂದದ್ದು ಅಂಗಡಿಗೆ ಹೋಗಲು ಹೆಚ್ಚು ದಿನ ಬೇಕಾಗಲಿಲ್ಲ. ವಿಶ್ವವಿದ್ಯಾಲಯದ ಧ್ಯೇಯವಾಕ್ಯ ‘ಫಿಯಾಟ್ ಲಕ್ಸ್’, ಬೆಳಕಾಗಲಿ ಎಂದು. ಹುಡುಗರು ಅದನ್ನು ‘ಫಿಯಾಟ್ ಸ್ಲಗ್’ ಮಾಡಿ ಟೀ ಶರ್ಟಿಗೆ ಹಾಕಿದರು. ಕನ್ನಡಕ ಹಾಕಿದ ಹುಳ ಓದುತ್ತಿರುವುದು ಪ್ಲೇಟೋ ಬರೆದ ಪುಸ್ತಕವನ್ನು. ಪಕ್ಕದಲ್ಲಿ ‘ಇದನ್ನು ತಿನ್ನುವ ಪ್ರಾಣಿ ಇಲ್ಲ’ ಎಂಬ ಅರ್ಥದ ಮಾತು. ಅದು ಜಂಬ, ಹಾವು, ಸಾಲಮಾಂಡರ್, ರಕೂನ್ ಎಲ್ಲವೂ ತಿನ್ನುತ್ತವೆ. ರಕೂನ್ ಅಂತೂ ಸ್ಲಗ್ ಅನ್ನು ಮಣ್ಣಿನಲ್ಲಿ ಹೊರಳಾಡಿಸಿ, ಲೋಳೆಗೆ ಮಣ್ಣು ಮೆತ್ತಿದ ಮೇಲೆ ತಿನ್ನುತ್ತದೆ. ಬೆಂಡೆಕಾಯಿಯ ಲೋಳೆ ಬಿಡಿಸುವ ನಮ್ಮ ಅಡುಗೆಮನೆಯ ಉಪಾಯಗಳು ನೆನಪಾಗುತ್ತವೆ. 1994ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದ ಕ್ವೆಂಟಿನ್ ಟ್ಯಾರಂಟಿನೊ ಸಿನಿಮಾ ‘ಪಲ್ಪ್ ಫಿಕ್ಷನ್’ ನೋಡಿದವರಿಗೆ ನೆನಪಿರಬಹುದು: ರಕ್ತದಲ್ಲಿ ತೊಯ್ದ ಕರಿ ಸೂಟು ಕಳಚಿದ ಮೇಲೆ ಜಾನ್ ಟ್ರಾವೊಲ್ಟಾ ಹಾಕಿಕೊಳ್ಳುವುದು ಇದೇ ಬನಾನಾ ಸ್ಲಗ್ ಟೀ ಶರ್ಟು. ಬಾಡಿಗೆ ಹಂತಕನ ಎದೆಯ ಮೇಲೆ ಆಟದ ಹುಚ್ಚನ್ನೇ ಒಲ್ಲೆನೆಂದ ಕ್ಯಾಂಪಸ್ಸಿನ ಹುಳ. ಆ ಒಂದು ದೃಶ್ಯದಿಂದ ಸಿಕ್ಕ ಪ್ರಚಾರವನ್ನು ಯಾವ ಜಾಹೀರಾತೂ ಕೊಡುತ್ತಿರಲಿಲ್ಲ. ಈಗ ಸ್ಯಾಮಿ ಎಂಬ ಹೆಸರಿನ ಹಳದಿ ವೇಷಧಾರಿ ಪಂದ್ಯಗಳಲ್ಲೂ ಪದವಿ ದಿನದಂದೂ ಓಡಾಡುತ್ತಾನೆ, ಅಧಿಕೃತವಾಗಿ.

ಆಟದಲ್ಲಿ ಹಿಂದುಳಿದರೇ? ಪುರುಷರ ಟೆನಿಸ್ ತಂಡ 1989ರಿಂದ 2009ರವರೆಗೆ ತನ್ನ ವಿಭಾಗದ ರಾಷ್ಟ್ರೀಯ ಪ್ರಶಸ್ತಿಯನ್ನು ಏಳು ಸಲ ಗೆದ್ದಿತು. ಕ್ರೀಡಾ ವಿಭಾಗಕ್ಕೆ ದುಡ್ಡಿನ ಅಡಚಣೆಯಾಗಿ ಮುಚ್ಚುವ ಮಾತು ಬಂದಾಗ 2017ರಲ್ಲಿ ವಿದ್ಯಾರ್ಥಿಗಳು ತಮ್ಮ ಮೇಲೆ ತಾವೇ ಶುಲ್ಕ ಹೇರಿಕೊಳ್ಳಲು ಮತ ಹಾಕಿ ಉಳಿಸಿಕೊಂಡರು. ಗೆಲುವು ಮುಖ್ಯವಲ್ಲ ಎಂದವರೇ ಇವರು.

ಇನ್ನು ಸಿನ್‌ಶೈಮರ್ ಹಾಸ್ಯದ ಬಾಲ. ಸ್ಲಗ್ ಜಗಳ ನಡೆಯುತ್ತಿದ್ದ ಕಾಲದಲ್ಲೇ, 1985ರ ಮೇ ತಿಂಗಳಲ್ಲಿ, ಅವರು ದೊಡ್ಡ ದೊಡ್ಡ ಜೀವವಿಜ್ಞಾನಿಗಳನ್ನು ಸಾಂತಾ ಕ್ರೂಜ್‌ಗೆ ಕರೆಸಿ ಒಂದು ಪ್ರಶ್ನೆ ಮುಂದಿಟ್ಟಿದ್ದರು: ಮನುಷ್ಯನ ಡಿಎನ್‌ಎ ಅಷ್ಟನ್ನೂ ಅಕ್ಷರ ಅಕ್ಷರವಾಗಿ ಓದಲು ಸಾಧ್ಯವೇ? ಹ್ಯೂಮನ್ ಜೀನೋಮ್ ಯೋಜನೆಯ ಮೊದಲ ಗಂಭೀರ ಚರ್ಚೆಗಳಲ್ಲಿ ಅದೂ ಒಂದು. ಹದಿನೈದು ವರ್ಷಗಳ ನಂತರ ಆ ಓದಿನ ಚೂರುಗಳನ್ನು ಜೋಡಿಸುವ ಪ್ರೋಗ್ರಾಮನ್ನು ಬರೆದದ್ದು ಜಿಮ್ ಕೆಂಟ್ ಎಂಬ ಅದೇ ಕ್ಯಾಂಪಸ್ಸಿನ ಸಂಶೋಧನಾ ವಿದ್ಯಾರ್ಥಿ. 2000ದ ಜುಲೈ 7ರಂದು ಮನುಷ್ಯ ಜೀನೋಮಿನ ಮೊದಲ ಕರಡು ಎಲ್ಲರಿಗೂ ಸಿಗುವಂತೆ ಅಂತರಜಾಲಕ್ಕೆ ಏರಿದ್ದು ಸಾಂತಾ ಕ್ರೂಜ್‌ನಿಂದ. ಮನುಷ್ಯನದಾಯಿತು, ಮುಂದೆ ಯಾರದು? ಜೀನೋಮ್ ಜೋಡಿಸುವುದನ್ನು ಕಲಿಸುವ ತರಗತಿಯೊಂದರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಅಭ್ಯಾಸಕ್ಕೆ ಆರಿಸಿಕೊಂಡದ್ದು ಬನಾನಾ ಸ್ಲಗ್. ತಳಿ ಸುಧಾರಣೆಯಂತೂ ಆಗಿಲ್ಲ. ಹುಳ ಮೊದಲಿನಷ್ಟೇ ನಿಧಾನ.

2024ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಮಸೂದೆಯೊಂದಕ್ಕೆ ಸಹಿ ಹಾಕಿದರು. ಅದರಂತೆ ಬನಾನಾ ಸ್ಲಗ್ ಈಗ ರಾಜ್ಯದ ಅಧಿಕೃತ ಸ್ಲಗ್. ರಾಜ್ಯಪ್ರಾಣಿ, ರಾಜ್ಯಪಕ್ಷಿ, ರಾಜ್ಯಮರಗಳ ಜೊತೆಗೆ ರಾಜ್ಯ ಸಿಂಬಳದ ಹುಳ! ಅತ್ತ ಬಾವುಟದಲ್ಲಿ ಇಲ್ಲದ ಕರಡಿ, ಇತ್ತ ಎಲೆಯ ಅಡಿಯಲ್ಲಿ ಇರುವ ಹುಳ.

ಇದನ್ನೆಲ್ಲ ಹುಡುಗನಿಂದಲೂ ಪುಸ್ತಕಗಳಿಂದಲೂ ಕೇಳಿ ಓದಿ ತಿಳಿದ ಮೇಲೆ ಚಿಕ್ಕಮ್ಮನಿಗೆ ನನಗೆ ತೋಚಿದಂತೆ ಹೇಳಿದೆ. ಒಲೆಯ ಮುಂದೆ ಅಟ್ಟದ ಕೋಲಿಗೆ ಹಾಕಿದ್ದ ಅದೇ ಟೀ ಶರ್ಟು ಮೂರು ದಿನವಾದರೂ ಒಣಗದೆ ಹೊಗೆ ವಾಸನೆ ಹೊಡೆಯುತ್ತಿತ್ತು. ಅವಳಿಗೆ ಹುಳದ ವಿಷಯ ಅಷ್ಟು ರುಚಿಸಲಿಲ್ಲ. ಸೋತದ್ದು ಯಾರು ಎಂದು ಕೇಳಿದಳು. ಹುಡುಗ ಫೋನು ತೆಗೆದು ತಾನೇ ಹಿಡಿದ ವಿಡಿಯೊ ತೋರಿಸಿದ. ಸಾಂತಾ ಕ್ರೂಜ್‌ನ ಕಡಲಿನೊಳಕ್ಕೆ ಚಾಚಿದ ಹಳೆಯ ಮರದ ಧಕ್ಕೆ. ಅದರ ಹಲಗೆಗಳ ನಡುವೆ ಕಂಡಿಗಳಿವೆ, ಇಣುಕಿದರೆ ಕೆಳಗಿನ ತೊಲೆಗಳ ಮೇಲೆ ಒಂದರ ಮೇಲೊಂದು ಬಿದ್ದುಕೊಂಡ ಕಡಲಸಿಂಹಗಳು, ಗಂಟಲು ಹರಿಯುವಂಥ ಗಲಾಟೆ.

“ಸಿಂಹ ಎಲ್ಲೋ?”

“ಇದೇ ಅಜ್ಜಿ.”

ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದಳು.

“ಇದು ನಾಯಿ ಹಾಗೆ ಬೊಗಳ್ತದಲ್ಲೋ! ಇದಕ್ಕಿಂತ ನಿಮ್ಮ ಹುಳವೇ ವಾಸಿ. ಸುಮ್ಮನಾದರೂ ಇರ್ತದೆ.”